ಅರ್ಧ ಶೆಡ್ಡು ಕೇಳಿದ ಗೆಳೆಯನಿಗೆ

ಕುವೆಂಪುನಗರ, ಮೈಸೂರು
ಆಷಾಢದ ಒಂದು ಭಾನುವಾರ

ಪ್ರೀತಿಯ ಗೆಳೆಯ,

ನಿನ್ನ ಮಂಡ್ಯದ ಮನೆಯ ನಕ್ಷೆ ಮೊಬೈಲಿಗೆ ಬಂತು. ಮರಗೆಲಸದ ಹವ್ಯಾಸಕ್ಕೆ ಅರ್ಧ ಜಾಗ ಬೇಕೆಂದು ಕಾರಿನ ಶೆಡ್ಡಿನ ನಡುವೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಒಂದು ಕಡೆ ‘ಮನೆ’, ಇನ್ನೊಂದು ಕಡೆ ‘ನಾನು’ ಎಂದು ಬರೆದಿದ್ದೀಯ. ನಗು ಬಂತು. ಹತ್ತು ವರ್ಷದ ಹಿಂದೆ ನಾನೂ ಇಂಥದೇ ಗೆರೆಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಎಳೆದಿದ್ದೆ. ಮೂರನೆಯ ದಿನ ಅಮ್ಮ ಅದರ ಮೇಲೆ ರಾಗಿ ಹರಡಿದ್ದರು.

ಶೆಡ್ಡಿನ ಗೋಡೆಗೆ ಇನ್ನೂ ಗಾರೆ ಆಗಿಲ್ಲ ಎಂದಿದ್ದೀಯಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಗಾರೆಯಾದ ಮೇಲೆ ನನ್ನ ಬುದ್ಧಿಮಾತು ದಂಡ. ಗೋಡೆಯೊಳಗೆ ವಿದ್ಯುತ್ ತಂತಿಯ ಕೊಳವೆ ಹಾಕುವಾಗಲೇ ಮರಗೆಲಸದ ಮೂಲೆಗೆ ಎರಡು 16 ಆಂಪಿಯರ್ ಪ್ಲಗ್ಗು ಹಾಕಿಸು, ಎರಡಕ್ಕೂ ಬೇರೆ ಬೇರೆ ತಂತಿ, ಬೇರೆ ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿಯೇ ಬೀಳುವ ಸ್ವಿಚ್ಚು) ಇರಲಿ. ನನ್ನ ಗರಗಸ 1500 ವಾಟ್, ಪುಡಿ ಎಳೆಯುವ ಯಂತ್ರ 1200 ವಾಟ್. ಎರಡೂ ಸೇರಿದರೆ 230 ವೋಲ್ಟಿನಲ್ಲಿ 12 ಆಂಪಿಯರಿನ ಹತ್ತಿರ ಬರುತ್ತದೆ, ಶುರುವಾಗುವ ಕ್ಷಣದಲ್ಲಂತೂ ಮೋಟರು ಅದರ ಹಲವು ಪಟ್ಟು ಎಳೆಯುತ್ತದೆ. ನಮ್ಮಲ್ಲಿ ಎಲ್ಲವೂ ಒಂದೇ ತಂತಿಯಲ್ಲಿತ್ತು. ನಾನು ಹಲಗೆ ಸೀಳುವಾಗ ಒಳಗೆ ಯಾರಾದರೂ ನೀರಿನ ಮೋಟರ್ ಹಾಕಿದರೆ ಸರಿ, ಗರಗಸ ಮರದೊಳಗೇ ನಿಂತುಬಿಡುತ್ತಿತ್ತು. ಪ್ಲಗ್ಗುಗಳು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಕಾರು ತೊಳೆಯುವ ನೀರು ಚಿಮ್ಮುತ್ತದೆ. ವಿದ್ಯುತ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಮರೆಯಬೇಡ. ಎಲೆಕ್ಟ್ರಿಷಿಯನ್ ‘ಶೆಡ್ಡಿಗೆ ಯಾಕೆ ಸಾರ್ ಇಷ್ಟೆಲ್ಲ’ ಎನ್ನುತ್ತಾನೆ. ಅನ್ನಲಿ.

ಇನ್ನು ಜಾಗ. ನಮ್ಮ ಶೆಡ್ಡು 10 ಅಡಿ ಅಗಲ, 18 ಅಡಿ ಉದ್ದ. ಕಾರು ವ್ಯಾಗನ್ ಆರ್, 12 ಅಡಿ ಉದ್ದ, ಅಗಲ 5 ಅಡಿ 4 ಅಂಗುಲ. ಬಾಗಿಲು ತೆರೆದು ಮನುಷ್ಯ ಇಳಿಯಲು ಎರಡೂವರೆ ಅಡಿಯಾದರೂ ಬೇಕು. ಕಳೆದು ನೋಡು, ಪಕ್ಕದಲ್ಲಿ ಉಳಿಯುವುದು ಎರಡು ಅಡಿ ಚಿಲ್ಲರೆ, ಹಿಂದೆ ಆರು ಅಡಿ. ಆ ಹಿಂದಿನ ಆರು ಅಡಿಯಲ್ಲಿ ಅಕ್ಕಿ ಮೂಟೆ, ರಾಗಿ ಮೂಟೆ, ಇನ್ವರ್ಟರ್, ಅಮ್ಮನ ಗ್ರೈಂಡರ್, ಮಗಳ ಸೈಕಲ್, ಯಾರೂ ಓದದ ಯಾರೂ ಎಸೆಯದ ಹಳೆಯ ಪತ್ರಿಕೆಗಳು. ನನ್ನ ಪಾಲು ಎಲ್ಲಿ? ಗೋಡೆಯ ಮೇಲೆ ಮತ್ತು ಚಕ್ರದ ಮೇಲೆ.

ಗೋಡೆಯ ಉಪಾಯ ಸುಲಭ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಅರ್ಧವನ್ನು ಗೋಡೆಗೂ ಇನ್ನೊಂದು ಅರ್ಧವನ್ನು ತೂಗುಹಾಕುವ ಹಲಗೆಯ ಬೆನ್ನಿಗೂ ಬಡಿದರೆ ಒಂದರ ಮೇಲೊಂದು ಕಚ್ಚಿ ಕೂರುತ್ತವೆ. ತೂಕ ಹೆಚ್ಚಿದಷ್ಟೂ ಹಿಡಿತ ಗಟ್ಟಿ. ಉಳಿ, ಹಲಗೆ ಹೆರೆದು ನುಣುಪು ಮಾಡುವ ಹತ್ತರಿ, ಮೂಲೆ ನೋಡುವ ಮೂಲೆಮಟ್ಟ ಎಲ್ಲ ಅಲ್ಲಿಗೆ ಹೋದವು. ಕೆಲಸದ ಮೇಜು ಒಂದೂವರೆ ಅಡಿ ಅಗಲದ್ದು, ಕೀಲು ಹಾಕಿ ಗೋಡೆಗೆ ಮಡಚುವಂತೆ ಮಾಡಿದ್ದೇನೆ. ಗರಗಸದ ಮೇಜಿಗೆ ಚಕ್ರ. ಚಕ್ರ ಹಾಕಿಸಿದ ದಿನ ನಾನು ಬಹಳ ಬುದ್ಧಿವಂತನೆಂದು ಬೀಗಿದೆ. ಆದರೆ ಕಾರು ತೊಳೆದ ನೀರು ಹರಿದುಹೋಗಲಿ ಎಂದು ಶೆಡ್ಡಿನ ನೆಲವನ್ನು ಗೇಟಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ ನೋಡು, ಅದು ತಲೆಗೆ ಹೊಳೆದಿರಲಿಲ್ಲ. ನಾನು ಚಹಾ ಕುಡಿಯಲು ಒಳಗೆ ಹೋದೆ, ಮೇಜು ತಾನಾಗಿಯೇ ಹೊರಟು ಕಾರಿನ ಬಂಪರಿಗೆ ಮುತ್ತಿಟ್ಟಿತು. ಆ ಗುರುತು ಇಂದಿಗೂ ಇದೆ, ನೆಂಟರಿಗೆ ಇವಳು, ನನ್ನ ಹೆಂಡತಿ, ಅದನ್ನು ತೋರಿಸದೆ ಬಿಡುವುದಿಲ್ಲ. ನಿನ್ನ ನೆಲಕ್ಕೆ ಇನ್ನೂ ಕಾಂಕ್ರೀಟ್ ಬಿದ್ದಿಲ್ಲದಿದ್ದರೆ ಹಿಂದಿನ ಆರು ಅಡಿಯನ್ನಾದರೂ ಮಟ್ಟವಾಗಿ ಹಾಕಿಸಿಕೋ. ನಾಲ್ಕು ಚಕ್ರಕ್ಕೂ ಬೀಗವಿರಲಿ. 8 ಅಡಿಗೆ 4 ಅಡಿಯ ಇಡೀ ಪ್ಲೈವುಡ್ ಹಾಳೆಯನ್ನು ಶೆಡ್ಡಿನಲ್ಲಿ ತಿರುಗಿಸುವ ಸಾಹಸವನ್ನಂತೂ ಮಾಡಬೇಡ, ಅಂಗಡಿಯಲ್ಲೇ ಅಳತೆ ಕೊಟ್ಟು ಸೀಳಿಸಿ ತಾ.

ಹೀಗೆ ಜಾಗದ ಜಗಳ ಒಂದು ವಾರದಲ್ಲಿ ಮುಗಿಯಿತು. ಮರದ ಪುಡಿಯ ಜಗಳ ಮುಗಿಯಲು ಎರಡು ವರ್ಷ ಬೇಕಾಯಿತು. ನೀನು ಅಡಿ, ಅಂಗುಲ ಎಂದು ಇಡೀ ಪುಟ ಬರೆದಿದ್ದೀಯ, ಪುಡಿಯ ಬಗ್ಗೆ ಒಂದು ಸಾಲೂ ಇಲ್ಲ. ಗೆರೆಯ ಮಾತನ್ನು ಅಮ್ಮನಾದರೂ ಒಂದೆರಡು ದಿನ ಕೇಳಿಯಾರು, ಪುಡಿ ಒಂದು ನಿಮಿಷವೂ ಕೇಳುವುದಿಲ್ಲ.

ಒಂದು ಶನಿವಾರ ಸಂಜೆ ಹಳೆಯ ತೇಗದ ಬಾಗಿಲೊಂದನ್ನು ಮರಳುಕಾಗದದ ಯಂತ್ರದಲ್ಲಿ ಉಜ್ಜಿ ಮುಗಿಸಿದೆ. ಕಸ ಗುಡಿಸಿದೆ, ಮೇಜು ಒರೆಸಿದೆ, ಭೇಷ್ ಎಂದುಕೊಂಡೆ. ಅರ್ಧ ಗಂಟೆಯ ನಂತರ ಅಮ್ಮ ಬಂದು ಗ್ರೈಂಡರಿನಲ್ಲಿ ದೋಸೆ ಹಿಟ್ಟು ರುಬ್ಬಲು ಕುಳಿತರು. ಕಣ್ಣಿಗೆ ಕಾಣುವ ಪುಡಿ ನೆಲಕ್ಕೆ ಬಿದ್ದಿತ್ತು ನಿಜ, ಕಾಣದ ಪುಡಿ ಗಾಳಿಯಲ್ಲೇ ಇತ್ತು. ಸಾಲದ್ದಕ್ಕೆ ನಾನು ಪೊರಕೆಯಿಂದ ಗುಡಿಸಿ ಅದನ್ನು ಇನ್ನಷ್ಟು ಎಬ್ಬಿಸಿದ್ದೆ. ಭಾನುವಾರದ ದೋಸೆ ಕಾವಲಿಗೆ ಬೀಳುವ ಮೊದಲೇ ಹೊಂಬಣ್ಣದಲ್ಲಿತ್ತು. ಅಮ್ಮ ಬೈಯಲಿಲ್ಲ. ಒಂದು ದೋಸೆಯನ್ನು ನನ್ನ ತಟ್ಟೆಗೆ ಹಾಕಿ, ‘ತೇಗದ ದೋಸೆ, ಗೆದ್ದಲು ಹಿಡಿಯುವುದಿಲ್ಲ’ ಎಂದರು.

ಆಮೇಲೆ ಬೀಟೆಯ ಪ್ರಸಂಗ. ನಮ್ಮೂರಿನ ಬೀಟೆ ಕುಸುರಿ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಅರಮನೆಯ ಅಂಬಾವಿಲಾಸದ ಕೆತ್ತನೆಯ ಬಾಗಿಲನ್ನು ನಾವಿಬ್ಬರೂ ಕಾಲೇಜಿನ ದಿನಗಳಲ್ಲಿ ಬಾಯಿಬಿಟ್ಟು ನೋಡಿದ್ದೇವೆ. ಆ ಹುಮ್ಮಸ್ಸಿನಲ್ಲಿ ನಾನೂ ನಾಲ್ಕು ಚೂರು ಬೀಟೆ ತಂದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಉಜ್ಜಿದೆ. ರಾತ್ರಿಯಿಡೀ ಸೀನು, ಮುಂಗೈ ತುಂಬ ತುರಿಕೆ. ಬೀಟೆಯ ಪುಡಿ ಹಲವರ ಚರ್ಮಕ್ಕೆ ಆಗುವುದಿಲ್ಲವೆಂದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಂತೂ ಮರದ ಪುಡಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿನಲ್ಲಿ ಇಟ್ಟಿದೆ. ಹವ್ಯಾಸಕ್ಕೆ ವಾರಕ್ಕೆರಡು ಗಂಟೆ ಕೆಲಸ ಮಾಡುವ ನಾವು ಹೆದರಿ ಕೈಬಿಡಬೇಕೆಂದು ಹೇಳುತ್ತಿಲ್ಲ. ಕರವಸ್ತ್ರ ಸಾಲದು, ಎನ್-95 ಮುಖಗವಸು ಬೇಕು ಎನ್ನುತ್ತಿದ್ದೇನೆ. ಮುಖಗವಸು ನಿನ್ನ ಮೂಗಿಗಷ್ಟೇ, ಅಕ್ಕಿ ಮೂಟೆಗೆ ಅಲ್ಲ ಎಂಬುದೂ ನೆನಪಿರಲಿ.

ಈಗ ನನ್ನ ವ್ಯವಸ್ಥೆ ಹೀಗಿದೆ. ಒಂದು ನೀಲಿ ಡ್ರಮ್ಮು, ಅದರ ಮುಚ್ಚಳದ ಮೇಲೆ ಆಲಿಕೆಯಂಥ ಪ್ಲಾಸ್ಟಿಕ್ ಶಂಕು, ಅದಕ್ಕೆ ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರದ ಕೊಳವೆ. ಗಾಳಿ ಶಂಕುವಿನೊಳಗೆ ಸುಳಿ ಸುತ್ತುತ್ತದೆ, ಭಾರದ ಪುಡಿ ಗೋಡೆಗೆ ಎಸೆಯಲ್ಪಟ್ಟು ಡ್ರಮ್ಮಿಗೆ ಜಾರುತ್ತದೆ, ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ನಿಮ್ಮೂರಿನ ಸಕ್ಕರೆ ಕಾರ್ಖಾನೆಯಲ್ಲಿ ಗಿರ್ರನೆ ತಿರುಗಿಸಿ ಕಾಕಂಬಿಯನ್ನು ಬೇರೆ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಯುಕ್ತಿ. ಇದಾದ ಮೇಲೂ ಉಜ್ಜುವ ಕೆಲಸವನ್ನು ಶೆಡ್ಡಿನೊಳಗೆ ಮಾಡುವುದಿಲ್ಲ, ಕಾರು ಹೊರಗೆ ಹೋದಾಗ ಗೇಟಿನ ಹತ್ತಿರ, ಗಾಳಿಗೆ ಬೆನ್ನು ಕೊಟ್ಟು ಮಾಡುತ್ತೇನೆ. ಎದುರು ಮನೆಯವರು ಬಟ್ಟೆ ಒಣಹಾಕಿದ್ದಾರೆಯೇ ಎಂದು ಮೊದಲು ನೋಡುತ್ತೇನೆ. ಗ್ರೈಂಡರ್ ಮಾತ್ರ ಅಡುಗೆಮನೆಗೆ ಹೋಯಿತು, ಅದಕ್ಕೆ ನಾನು ಚಕ್ರದ ಪೀಠವನ್ನು ಮಾಡಿಕೊಡಬೇಕಾಯಿತು.

ಪುಡಿ ನನ್ನನ್ನು ಹತ್ತರಿಯ ಕಡೆಗೂ ತಿರುಗಿಸಿತು. ಮೊದಲೆಲ್ಲ ಅದನ್ನು ಕಂಡರೆ ಬೇಸರ, ತಾತನ ಕಾಲದ ವಸ್ತು ಎನ್ನುತ್ತಿದ್ದೆ. ನಮ್ಮ ಬೀದಿಯ ಹಳೆಯ ಆಚಾರಿಯೊಬ್ಬರು (ಅವರ ಬಾಯಲ್ಲಿ ಅದು ತೋಪಡ) ಅಲಗನ್ನು ಮಸೆಯುವುದನ್ನು ಕಲಿಸಿದರು. ಮುಂಗೈಯ ರೋಮ ಬೋಳಿಸುವಷ್ಟು ಹರಿತವಾದರೆ ಹಲಗೆಯಿಂದ ಬರುವುದು ಪುಡಿಯಲ್ಲ, ಸುರುಳಿ. ಸುರುಳಿ ಹಾರುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ, ಬಾಚಿ ಚೀಲಕ್ಕೆ ತುಂಬಬಹುದು. ಸದ್ದೂ ಇಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ 45 ಡೆಸಿಬೆಲ್. ಗರಗಸಕ್ಕೆ ಆ ಹೊತ್ತು ನಿಷಿದ್ಧ, ಹತ್ತರಿಗೆ ಅಡ್ಡಿಯಿಲ್ಲ. ಇವಳ ಭಾನುವಾರ ಮಧ್ಯಾಹ್ನದ ನಿದ್ದೆಗೆ ಕಾನೂನಿನಲ್ಲಿ ಮಿತಿ ಬರೆದಿಲ್ಲ, ಆದರೂ ಅದು ಇನ್ನೂ ಕಡಿಮೆ.

ಬೆಂಕಿಯ ವಿಷಯದಲ್ಲಿ ತಮಾಷೆ ಬೇಡ. ಎಲ್ಲರಂತೆ ನಾವೂ ತುಂಬಿದ ಗ್ಯಾಸ್ ಸಿಲಿಂಡರನ್ನು ಶೆಡ್ಡಿನಲ್ಲಿ ಇಡುತ್ತಿದ್ದೆವು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡಿಕೊಂಡಿರುತ್ತದೆ. ನನ್ನ ಯಂತ್ರಗಳ ಮೋಟರುಗಳೋ ಒಳಗೆ ಕಿಡಿ ಕಾರುವಂಥವು. ಈಗ ಸಿಲಿಂಡರು ಹೊರಗೆ, ಹಿತ್ತಲ ಕಡೆಯ ತೆರೆದ ಕಟ್ಟೆಯ ಮೇಲಿದೆ. ಇನ್ನೊಂದು, ಅಗಸೆ ಎಣ್ಣೆ. ಮರಕ್ಕೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಡಬ್ಬಿಗೆ ಎಸೆದಿದ್ದೆ. ಒಂದೆರಡು ಗಂಟೆ ಬಿಟ್ಟು ಮುಟ್ಟಿದರೆ ಆಗತಾನೇ ಇಸ್ತ್ರಿ ಮಾಡಿದಂತೆ ಬಿಸಿ! ಆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಂದಿಗೆ ಸೇರುವುದು, ಸೇರುವಾಗ ಶಾಖ ಹುಟ್ಟುತ್ತದೆ, ಉಂಡೆಯೊಳಗಿನ ಶಾಖಕ್ಕೆ ದಾರಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಈಗ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹರವುತ್ತೇನೆ. ಅಂದು ಇವಳು ಹೇಳಿದ್ದು ಒಂದೇ ಮಾತು: ‘ಮಹಾರಾಜರ ಮರದ ಅರಮನೆಯೇ 1897ರಲ್ಲಿ ಸುಟ್ಟುಹೋಯಿತು. ಅವರಿಗೆ ಹೊಸದು ಕಟ್ಟಿಸಲು 1912ರವರೆಗೆ ಪುರುಸೊತ್ತಿತ್ತು. ನಮಗೆ ಬ್ಯಾಂಕಿನ ಸಾಲವೇ ತೀರಿಲ್ಲ.’

ಶೆಡ್ಡಿನಲ್ಲಿ ನನ್ನ ಪಾಲನ್ನು ಉಳಿಸಿದ್ದು ನನ್ನ ವಾದವಲ್ಲ, ಗೊಂಬೆಯ ಮೆಟ್ಟಿಲು. ಪ್ರತಿ ದಸರೆಗೆ ಟ್ರಂಕು, ಕುರ್ಚಿ, ಪುಸ್ತಕದ ಕಟ್ಟು ಪೇರಿಸಿ ಮೇಲೆ ಬಿಳಿ ಪಂಚೆ ಹೊದಿಸುತ್ತಿದ್ದರು. ಒಂದು ವರ್ಷ ಪಟ್ಟದ ಗೊಂಬೆಗಳಲ್ಲಿ ರಾಜ ಉರುಳಿ ರಾಣಿಯ ಮೇಲೆ ಬಿದ್ದ. ಮರುವರ್ಷ ನಾನು ಏಳು ಮೆಟ್ಟಿಲಿನ ಚೌಕಟ್ಟನ್ನು ಮಾಡಿದೆ. ಬಿಚ್ಚಿದರೆ ಅಡುಗೆಮನೆಯ ಬಾಗಿಲಿನಷ್ಟು ಎತ್ತರ, ಮಡಚಿದರೆ ನಾಲ್ಕೇ ಅಂಗುಲ ದಪ್ಪ, ಶೆಡ್ಡಿನ ಹಿಂಗೋಡೆಗೆ ಒರಗಿ ನಿಲ್ಲುತ್ತದೆ. ಗೊಂಬೆಯ ಪೆಟ್ಟಿಗೆಗಳಿಗೆಂದು ಕಾರಿನ ಬಾನೆಟ್ಟಿನ ಮೇಲ್ಗಡೆ ಅಟ್ಟವನ್ನೂ ಕಟ್ಟಿದೆ. ಆಮೇಲೆ ‘ನಿನ್ನ ಮರದ ಕಸ’ ಎಂಬ ಮಾತು ಮನೆಯಲ್ಲಿ ‘ನಮ್ಮ ಮರದ ಸಾಮಾನು’ ಆಯಿತು. ನೀನೂ ಮೊದಲು ಮನೆಗೆ ಬೇಕಾದ್ದನ್ನು ಮಾಡು. ನೀನು ಮಾಡಬೇಕೆಂದಿರುವ ಗಿಟಾರ್ ಆಮೇಲೆ ಮಾಡುವೆಯಂತೆ.

ಮಳೆಗಾಲದ ಮಾತೊಂದು ಉಳಿಯಿತು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಈ ಆಷಾಢಕ್ಕೆ ಕಚ್ಚಿ ಕುಳಿತಿದೆ, ಮರ ತೇವ ಹೀರಿ ಅಡ್ಡಗಲಕ್ಕೆ ಉಬ್ಬುತ್ತದೆ. ಅದರೊಳಗೆ ಕಾರಿನ ಎರಡನೆಯ ಕೀಲಿಯಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ಮುಂದಿನ ಭಾನುವಾರ ಬಾ, ಟೇಪು ಹಿಡಿದು ನಿನ್ನ ಅಳತೆಯನ್ನೆಲ್ಲ ಇಲ್ಲೇ ನೆಲದ ಮೇಲೆ ಹಾಕಿ ನೋಡೋಣ. ನಿಮ್ಮ ಬಚ್ಚಲ ಹಂಡೆಯ ಒಲೆಗೆ ಹತ್ತರಿಯ ಸುರುಳಿ ಎರಡು ಚೀಲ ಕಟ್ಟಿಟ್ಟಿದ್ದೇನೆ, ಎಲ್ಲ ಅಸಲಿ ಮರದ್ದು. ಪ್ಲೈವುಡ್ಡಿನ ಚೂರುಗಳನ್ನು ಕೊಡುವುದಿಲ್ಲ, ಅದರ ಅಂಟು ಸುಟ್ಟ ಹೊಗೆ ಒಳ್ಳೆಯದಲ್ಲ. ಬರುವಾಗ ಹೋದ ಸಲದ ಗೋಣಿಚೀಲಗಳನ್ನು ತೆಗೆದುಕೊಂಡು ಬಾ. ಮೂರು ಚೀಲ. ಅಮ್ಮ ಲೆಕ್ಕ ಇಟ್ಟಿದ್ದಾರೆ.

ನಿನ್ನ ಗೆಳೆಯ