ಕ್ರಿಯಾ ಯೋಜನೆಗೆ ವಿದ್ಯಾರ್ಥಿಗಳ ಮಾತೂ ಸೇರಲಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾ ಯೋಜನೆ ರೂಪಿಸುವಾಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮಾತನ್ನೂ ಕೇಳಬೇಕು. ಸಂವಿಧಾನದ 371(ಜೆ) ವಿಧಿಯಲ್ಲಿ ಓದು, ಉದ್ಯೋಗದ ಮೀಸಲಾತಿ ಇರುವುದೇ ಈ ಭಾಗದ ಇಂಥವರಿಗಾಗಿ. ರಾಯಚೂರು ಜಿಲ್ಲೆಯ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರು ಸಂಶೋಧನೆಗೆಂದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಗಳಿಗೆ ಹೋಗುತ್ತಾರೆ. ನೀರು ತಲುಪದ ಗದ್ದೆ, ಗುಳೆ ಹೋದವರ ಮನೆಗೆ ಬಿದ್ದ ಬೀಗ, ಅಪ್ಪ-ಅಮ್ಮನ ಜೊತೆ ಹೋಗಿ ಶಾಲೆ ಬಿಟ್ಟ ಮಕ್ಕಳು, ಎಲ್ಲವನ್ನೂ ಮನೆಮನೆ ಕೇಳಿ ಬರೆದುಕೊಳ್ಳುತ್ತಾರೆ. ವೈವಾ (ಮೌಖಿಕ ಪರೀಕ್ಷೆ) ಮುಗಿದರೆ ಆ ಪ್ರಬಂಧ ಕಪಾಟು ಸೇರುತ್ತದೆ. ಇಷ್ಟು ದುಡಿಮೆ ಸುಮ್ನೆ ವ್ಯರ್ಥ ಅಲ್ವಾ? ಜಿಲ್ಲಾ ಪಂಚಾಯಿತಿ ವರ್ಷಕ್ಕೊಮ್ಮೆ ಇವರನ್ನು ಕರೆದು, ಮಂಡಳಿಯ ಅಧಿಕಾರಿಗಳ ಮುಂದೆ ವರದಿ ಮಂಡಿಸಲು ಅವಕಾಶ ಕೊಡಲಿ. ಯಾವ ಸಲಹೆ ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂಬುದನ್ನು ಬರವಣಿಗೆಯಲ್ಲೇ ತಿಳಿಸಲಿ.

– ಓದುಗ, ಸಿಂಧನೂರು