ಚಿತ್ರೀಕರಣದ ಅನುಮತಿಗೆ ಒಂದೇ ಕಚೇರಿ ಸಾಕು

ಬೆಂಗಳೂರಿನಲ್ಲಿ ಸಿನಿಮಾ, ಧಾರಾವಾಹಿಗಳ ಚಿತ್ರೀಕರಣಕ್ಕೆ ಅನುಮತಿ ಪಡೆಯಲು ತಂಡಗಳು ಉದ್ಯಾನಕ್ಕೊಂದು, ರಸ್ತೆಗೊಂದು ಎಂದು ಹಲವು ಇಲಾಖೆಗಳ ಬಾಗಿಲು ತಟ್ಟಬೇಕಾಗಿರುವುದು ವಿಷಾದನೀಯ. ಕಳೆದ ತಿಂಗಳು ಬಸವನಗುಡಿಯ ನಮ್ಮ ಬೀದಿಗೆ ಬಂದಿದ್ದ ಧಾರಾವಾಹಿ ತಂಡವೊಂದು, ಪತ್ರದಲ್ಲಿ ಒಂದು ಸಹಿ ಬಾಕಿಯಿದೆಯೆಂಬ ಕಾರಣಕ್ಕೆ ಮಧ್ಯಾಹ್ನದವರೆಗೆ ಕಾದು, ಕಟ್ಟಿದ್ದ ದೀಪಗಳನ್ನು ಬಿಚ್ಚಿಕೊಂಡು ಹೊರಟುಹೋಯಿತು. ಐವತ್ತು ಜನರ ಊಟಕ್ಕೆ ಅನ್ನ ಬಸಿದಿಟ್ಟಿದ್ದ ಪಕ್ಕದ ಹೋಟೆಲಿನವರ ಮುಖ ನೋಡಲಾಗಲಿಲ್ಲ. ಚಿತ್ರೀಕರಣದಿಂದ ಊರಿಗೂ ಲಾಭವಿದೆ: 1975ರಲ್ಲಿ ತೆರೆಕಂಡ ಹಿಂದಿ ಸಿನಿಮಾ ‘ಶೋಲೆ’ಯ ಚಿತ್ರೀಕರಣ ನಡೆದ ರಾಮನಗರದ ಬಂಡೆಗಳನ್ನು ನೋಡಲು ಜನ ಇಂದಿಗೂ ಬರುತ್ತಾರೆ. ಆದ್ದರಿಂದ ಸರ್ಕಾರವು ಅರ್ಜಿ, ಶುಲ್ಕ, ಅನುಮತಿ ಎಲ್ಲವನ್ನೂ ಒಂದೇ ಕಚೇರಿಯಲ್ಲಿ ಗೊತ್ತುಪಡಿಸಿದ ದಿನಗಳೊಳಗೆ ಮುಗಿಸಿಕೊಡುವ ವ್ಯವಸ್ಥೆ ಮಾಡಲಿ. ಬಡಾವಣೆಯ ನಿವಾಸಿಗಳಿಗೆ ಮುಂಚಿತವಾಗಿ ತಿಳಿಸುವ ಹೊಣೆಯನ್ನೂ ಅದಕ್ಕೇ ವಹಿಸಲಿ.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು