ಭಾನುವಾರದ ಸಂತೆಯಲ್ಲಿ ಮಳಿಗೆ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಕಾಯಿಹೋಳಿಗೆಯ ಮುಂದೆ ‘ವೀಗನ್’ (ಹಾಲು, ತುಪ್ಪ ಸೇರಿ ಪ್ರಾಣಿಮೂಲದ್ದೇನೂ ಇಲ್ಲದ್ದು) ಎಂಬ ಹಲಗೆ ಇಟ್ಟಿದ್ದೆವು. ಕಾವಲಿಗೆ ಸವರಿದ್ದು ಮಾತ್ರ ತುಪ್ಪ! ಹಾಲು ಒಗ್ಗದ ಗಿರಾಕಿಯೊಬ್ಬರು ಬಾಯಿಗಿಡುವ ಮೊದಲೇ ವಾಸನೆ ಹಿಡಿದರು, ನಮ್ಮ ಪುಣ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕಿ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ಹಾಲು, ತುಪ್ಪ, ಜೇನುತುಪ್ಪ ಎಲ್ಲವೂ ಅದರಡಿ ನುಸುಳುತ್ತವೆ. ಇನ್ನು ಮುಂದೆ ವೀಗನ್ ತಿನಿಸಿಗೆ ಕಾವಲಿ, ಸೌಟು ಬೇರೆಯೇ ಇರಲಿ. ಸವರಲು ಗಾಣದ ಎಣ್ಣೆ ಸಾಕು.

ಶೇಂಗಾ ಹಾಲಿನ ಮೊಸರು ಮಾಡುವವರು ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ. ಒಂದು ಚಮಚ ಮನೆಯ ಮೊಸರು ಬಿದ್ದರೂ ಅದು ವೀಗನ್ ಆಗಿ ಉಳಿಯದು. (ಅಜ್ಜಿಯ ಕಾಯಿಹಾಲಿನ ಪಾಯಸಕ್ಕೆ ಇಂಥ ಹೆಸರೇ ಬೇಕಿರಲಿಲ್ಲ, ಅದು ಬೇರೆ ಮಾತು.)

‘ಸಾವಯವ’ ಎಂದು ಬರೆಯುವವರು ರೈತರ ಪಿಜಿಎಸ್ ಪ್ರಮಾಣಪತ್ರದ (ರೈತರ ಗುಂಪೇ ಒಬ್ಬರ ಹೊಲ ಒಬ್ಬರು ನೋಡಿ ಕೊಡುವ ಸಾವಯವ ಖಾತರಿ) ಪ್ರತಿ ಇಟ್ಟುಕೊಳ್ಳಿ. ಪ್ರಮಾಣಪತ್ರ ಇಲ್ಲದೆ ಸಾವಯವ ಆಹಾರದ ಸರ್ಕಾರಿ ಗುರುತಾದ ‘ಜೈವಿಕ್ ಭಾರತ್’ ಹಾಕುವಂತಿಲ್ಲ. ಅದು ಇಲ್ಲದವರು ನವಣೆ ಯಾವ ಊರಿನ ಹೊಲದ್ದು ಎಂದಷ್ಟೇ ಬರೆಯಿರಿ, ಕೊಳ್ಳುವವರು ಅದನ್ನೇ ಹೆಚ್ಚು ನಂಬುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಮಳಿಗೆಯಲ್ಲಿ ಕಾಣುವಂತಿರಲಿ.

ಮುತ್ತುಗದ ಎಲೆ ನಾನು ತರುತ್ತೇನೆ. ಮನೆಯಿಂದ ಡಬ್ಬಿ ತಂದವರಿಗೆ 5 ರೂಪಾಯಿ ಬಿಡಿ. ಯಾರು ಏನು ಮಾಡುತ್ತೀರಿ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ; ಮೂರು ಮಳಿಗೆಯಲ್ಲೂ ರಾಗಿ ಲಡ್ಡುವೇ ಆಗುವುದು ಬೇಡ.